ತೊಟ್ಟಿಲ ಕೊಂಡಿಗೆ ತೂಗಿದ ಕ್ಯಾಮೆರಾ

ಹಳೇ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದನ್ನು ಕಲಿಯಬೇಕೆಂದರೆ ಕಲಿಸುವವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ನಾನು ನಮ್ಮವ್ವನಿಂದ ಹಾಗೆ ಕಲಿತೆ. ನನ್ನಿಂದ ಕಲಿತವರೂ ಹಾಗೇ ಕಲಿತರು. ಅದಕ್ಕೇ, ನಮ್ಮ ಮಹಿಳಾ ಸಂಘದ ಕೋಣೆಗೆ ಕಂಪ್ಯೂಟರ್ ಕಲಿಸಲು ಬರುತ್ತಿದ್ದ ಹುಡುಗಿ, ಪುಣೆಯ ಹೆಣ್ಣುಮಕ್ಕಳಿಗೆ ಕೌದಿ ಕಲಿಸಬೇಕು ಎಂದಾಗ ನಾನು ಕೇಳಿದ್ದು ಒಂದೇ ಮಾತು.

“ಅವ್ರು ಬರ್ತಾರೇನು, ನಾ ಹೋಗ್ಬೇಕೇನು?”

“ಯಾರೂ ಎಲ್ಲಿಗೂ ಹೋಗಂಗಿಲ್ರಿ ಅಜ್ಜಿ. ನೀವು ಇಲ್ಲೇ ಕುಂದರ್ತೀರಿ, ಅವ್ರು ಅಲ್ಲೇ ಕುಂದರ್ತಾರ. ನಿಮ್ ಕೈ ಅವ್ರಿಗೆ ಕಾಣ್ತಾವ, ಅವ್ರ ಕೈ ನಿಮಗ ಕಾಣ್ತಾವ.”

ಹೀಗೆಂದು ಚೀಲದಿಂದ ಅಡಿಕೆ ಗಾತ್ರದ ಒಂದು ಗಾಜಿನ ಕಣ್ಣು ತೆಗೆದಳು. ಹೊಸಪೇಟೆಯಿಂದ ತಂದದ್ದು. ಇಲಿಯ ಬಾಲದಂಥ ವೈರು ಅದಕ್ಕೆ.

ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಪಕ್ಕದಲ್ಲೇ ಕೂತು ದಾರ ಪೋಣಿಸುತ್ತಿದ್ದಳು. ಅವಳ ಬಾಯಿ ಸೂಜಿಗಿಂತ ಚೂಪು. “ಅಕ್ಕಾ, ಇದಕ್ಕೂ ನಿನ್ನಂಗ ಪೊರೆ ಬರತೈತೇನು, ಕೇಳು,” ಅಂದಳು.

ಹುಡುಗಿ ನಗಲಿಲ್ಲ. ಆ ಕಣ್ಣನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಟಿ.ವಿ.ಯಂಥ ಅದರ ಪೆಟ್ಟಿಗೆಯಲ್ಲಿ ನಮ್ಮ ಕೋಣೆಯೇ ಕಂಡಿತು. ನಾನು ಕೈ ಎತ್ತಿದೆ, ಅಲ್ಲಿದ್ದ ಮುದುಕಿಯೂ ಕೈ ಎತ್ತಿದಳು. ಟಿ.ವಿ.ಯಲ್ಲಿ ಬೇರೆಯವರನ್ನು ಕಂಡಿದ್ದೆ, ನನ್ನನ್ನು ಕಂಡಿರಲಿಲ್ಲ. ಬೆರಗಾದೆ. ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಒಪ್ಪಿದ್ದು ಮಾತ್ರ ಆ ಕಣ್ಣಿಗಾಗಿ ಅಲ್ಲ, ಮರುದಿನ ಬಂದ ಒಂದು ಫೋನಿಗಾಗಿ. ಪುಣೆಯ ಗುಂಪನ್ನು ಕೂಡಿಸಿದ್ದ ಹೆಂಗಸು ಮಾತಾಡಿದಳು. ಕಂಪ್ಲಿಯಲ್ಲಿ ಹುಟ್ಟಿ ಪುಣೆಗೆ ಮದುವೆಯಾಗಿ ಹೋದವಳು. ಅವಳ ಮಗಳು ತುಂಬಿದ ಬಸುರಿ. ಹುಟ್ಟುವ ಕೂಸಿಗೆ ಕೌದಿ ಬೇಕು, ಅದು ತನ್ನ ಸತ್ತ ತಾಯಿಯ ಸೀರೆಯದೇ ಆಗಬೇಕು.

“ನಮ್ಮವ್ವಂದು ಅಂತ ನನ್ ಹತ್ರ ಉಳದದ್ದು ಅದೊಂದ ಇಳಕಲ್ ಸೀರಿ ಅಜ್ಜಿ. ನೂಲು ಸೋತೈತಿ. ಒಂದು ಸಲ ಕತ್ತರಿ ಹಾಕಿದ್ರ ಮುಗೀತು, ಮತ್ತ ಕೂಡಂಗಿಲ್ಲ. ಬಿಚ್ಚಿ ಹೊಲದ್ರೂ ತಡಿಯಂಗಿಲ್ಲ.”

“ಹಂಗಾದ್ರ ಈಗ ಕತ್ತರಿ ಮುಟ್ಟಬ್ಯಾಡ. ಮೊದಲು ಹಳೇ ಚಾದರದ ಮ್ಯಾಲೆ ಕೈ ಕೂಡಸೂಣು. ಸರಿ ಬಂದ್ರ ಸೀರಿ,” ಅಂದೆ.

“ಬರದಿದ್ರ?”

“ಬರದಿದ್ರ ಟ್ರಂಕಿನ್ಯಾಗ ಇರ್ಲಿ ಬಿಡು. ಸೀರಿ ಏನು ಅನ್ನ ಬೇಡತೈತೇನು?”

ಆ ದಿನದಿಂದ ಆ ಸೀರೆ ನನ್ನ ತಲೆಯಲ್ಲಿ ಕೂತಿತು.

ನಮ್ಮ ಊರು ಹೊಸಪೇಟೆ–ಸಂಡೂರು ರಸ್ತೆಯ ಮೇಲಿದೆ. ಅದು ಅದಿರಿನ ಲಾರಿಗಳು ಒಂದರ ಬಾಲ ಒಂದು ಕಚ್ಚಿಕೊಂಡು ಓಡುತ್ತಿದ್ದ ಕಾಲ. ನಮ್ಮ ಗುಡ್ಡದ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ಹೋಗದೆ ಉಳಿದದ್ದು ಕೆಂಪು ಧೂಳಾಗಿ ನಮ್ಮ ಅನ್ನದ ಮೇಲೆ ಕೂರುತ್ತಿತ್ತು. ಸಂಘದ ಕೋಣೆ ರಸ್ತೆಯ ಮಗ್ಗುಲಿಗೇ ಇತ್ತು. ಕ್ಯಾಮೆರಾ ಹಚ್ಚಿದ ಮೊದಲ ದಿನವೇ ನಾವೆಲ್ಲ ಕಾವಿ ಉಟ್ಟವರ ಹಾಗೆ ಕಂಡೆವು. ಹಸಿರು ದಾರ ಕರಿದಾಗಿ ಕಾಣುತ್ತಿತ್ತು. ನನ್ನ ದಾರ ಯಾವುದು, ಬಟ್ಟೆ ಯಾವುದು ಎಂದು ನನಗೇ ತಿಳಿಯಲಿಲ್ಲ.

ಹುಡುಗಿ ಮೆತ್ತನೆಯ ಹಳೇ ಪಂಚೆಯ ಚೂರಿನಿಂದ ಆ ಕಣ್ಣನ್ನು ಒರೆಸಿದಳು. ಕಿಟಕಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸಿದೆವು. ಧೂಳು ತಟ್ಟಿಗೆ ಹತ್ತಿತು. ಆದರೂ ಬಣ್ಣ ಸರಿಯಾಗಲಿಲ್ಲ.

“ಬಿಳೀದು ಯಾವ್ದು ಅಂತ ಇದಕ್ಕ ತೋರಿಸ್ಬೇಕ್ರಿ. ಬಿಳೀ ಗುರುತಾದ್ರ ಉಳದ ಬಣ್ಣಾನ ತಾನ ತಿಳಕೊಂತೈತಿ. ಒಂದು ಬಿಳೀ ಬಟ್ಟಿ ಕೊಡ್ರಿ ಅಜ್ಜಿ,” ಅಂದಳು ಹುಡುಗಿ.

ನನ್ನ ಗಂಡನ ಒಗೆದ ಧೋತರ ತಂದೆ. ಹುಡುಗಿ ನೋಡಿ ತಲೆಯಾಡಿಸಿದಳು. ವಾರಗಿತ್ತಿ ತನ್ನ ಮನೆಯ ದಿಂಬಿನ ಚೀಲ ತಂದಳು. ಅದೂ ಕೆಂಪು. ಮೂರು ಮನೆ ತಿರುಗಿದರೂ ನಮ್ಮೂರಲ್ಲಿ ಬಿಳಿ ಎಂಬುದೇ ಸಿಗಲಿಲ್ಲ. ಕೆಂಪನ್ನೇ ಬಿಳಿ ಎಂದುಕೊಂಡು ನಾವು ಎಷ್ಟು ಕಾಲ ಬದುಕಿದ್ದೆವೋ. ಕಡೆಗೆ ಹುಡುಗಿ ಒಡೆಯದ ಕಾಗದದ ಕಟ್ಟು ಒಡೆದು ಒಂದು ಹಾಳೆಯನ್ನು ಕಣ್ಣಿನ ಮುಂದೆ ಹಿಡಿದಳು. ಏನೋ ಒತ್ತಿದಳು. ಪೆಟ್ಟಿಗೆಯೊಳಗೆ ಹಸಿರು ದಾರ ಹಸಿರಾಯಿತು. ಹುಟ್ಟಿದ ಕೂಸು ಕಣ್ಣು ಬಿಟ್ಟ ಹಾಗಿತ್ತು ಅದು.

ಆಮೇಲಿನ ಕಷ್ಟ ಕ್ಯಾಮೆರಾ ಎಲ್ಲಿ ಇಡಬೇಕು ಎಂಬುದು. ಮೊದಲು ನನ್ನೆದುರು ಸ್ಟೂಲಿನ ಮೇಲೆ ಇಟ್ಟಳು. ಪೆಟ್ಟಿಗೆಯಲ್ಲಿ ನೋಡಿಕೊಂಡು ಹೊಲಿಯಲು ಕೂತರೆ, ನಾನು ಎಡಕ್ಕೆ ಸೂಜಿ ಓಡಿಸಿದರೆ ಅಲ್ಲಿ ಬಲಕ್ಕೆ ಓಡುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಬೆರಳಿಗೆ ಸೂಜಿ ಚುಚ್ಚಿಕೊಂಡೆ.

“ಇದು ನನ್ ಕೈ ಅಲ್ಲಲೇ ಹುಡುಗಿ. ಯಾವಕೀದೋ ಕೈ!”

“ತಡೀರಿ ಅಜ್ಜಿ, ಕನ್ನಡಿ ಮಾಡ್ತೀನಿ.”

ಏನೋ ಒತ್ತಿದಳು. ಪೆಟ್ಟಿಗೆ ಕನ್ನಡಿಯಂತಾಯಿತು. ಎಡಕ್ಕೆ ಹೋದರೆ ಎಡಕ್ಕೇ ಹೋಯಿತು. ಹಾಯೆನಿಸಿತು. ಆ ಕನ್ನಡಿಯೇ ನಮ್ಮನ್ನು ಕೆಡಿಸಲಿತ್ತು, ಆದರೆ ಅದು ಆಮೇಲಿನ ಮಾತು.

ಸ್ಟೂಲು ನಿಲ್ಲಲಿಲ್ಲ. ತುಂಬಿದ ಲಾರಿ ಹಾದರೆ ನೆಲ ಗುಡುಗುತ್ತಿತ್ತು. ಪೆಟ್ಟಿಗೆಯಲ್ಲಿ ನನ್ನ ಕೈ ಜ್ವರ ಬಂದವರ ಕೈಯಂತೆ ನಡುಗುತ್ತಿತ್ತು. ಅಲ್ಲದೆ ಎದುರಿನಿಂದ ನೋಡಿದರೆ ಕಾಣುವುದು ನನ್ನ ಕೈಯ ಹಿಂಬದಿ. ಸೂಜಿ ಬಟ್ಟೆಯೊಳಗೆ ಹೋಗುವ ಜಾಗ ಕಾಣುವುದಿಲ್ಲ. ಕೌದಿಯ ಜೀವ ಇರುವುದೇ ಅಲ್ಲಿ. ಮೇಲಿನ ತೇಪೆ, ನಡುವಿನ ಹಳೇ ಬಟ್ಟೆ, ಅಡಿಯ ಅಸ್ತರು, ಮೂರನ್ನೂ ಒಂದೇ ಸಲಕ್ಕೆ ಹಿಡಿಯುವಾಗ ಅಡಿಗೆ ಇಟ್ಟ ಎಡಗೈ ಬೆರಳು ಸೂಜಿಯ ತುದಿಯನ್ನು ಮುಟ್ಟಿ ನೋಡಬೇಕು.

“ಅವ್ರು ನನ್ನ ಹೆಗಲ ಮ್ಯಾಲಿಂದ ಬಗ್ಗಿ ನೋಡಿದಂಗ ಕಾಣಬೇಕು,” ಅಂದೆ.

ಹುಡುಗಿ ಮೇಲೆ ನೋಡಿದಳು. ಸಂಘ ಬರುವ ಮೊದಲು ಆ ಕೋಣೆ ಒಬ್ಬರ ಮನೆಯ ಪಡಸಾಲೆ. ತೊಲೆಯಲ್ಲಿ ತೊಟ್ಟಿಲ ಕೊಂಡಿ ಇನ್ನೂ ಇತ್ತು.

“ಅಲ್ಲಿ ತೂಗಬಿಡೂಣೇನ್ರಿ?”

ಒಂದು ಬಿದಿರ ಬುಟ್ಟಿಯ ತಳಕ್ಕೆ ತೂತು ಮಾಡಿ, ಕಣ್ಣು ಕೆಳಗೆ ನೋಡುವಂತೆ ಸಿಕ್ಕಿಸಿ, ನಾಲ್ಕು ಹಗ್ಗದಲ್ಲಿ ಕೊಂಡಿಗೆ ಕಟ್ಟಿದೆವು. ಲಾರಿ ಬಂತು, ಬುಟ್ಟಿ ತೂಗಿತು. ತೊಟ್ಟಿಲ ಕೊಂಡಿ ಅಲ್ಲವೇ, ಅದಕ್ಕೆ ತೂಗುವುದೇ ಗೊತ್ತು. ಹುಡುಗಿ ಬುಟ್ಟಿಯೊಳಗೆ ಪುಸ್ತಕ ಇಟ್ಟಳು, ತೂಗುವುದು ನಿಲ್ಲಲಿಲ್ಲ. ವಾರಗಿತ್ತಿ ಹೊರಗೆ ಹೋಗಿ, ಲಾರಿಯಿಂದ ಉರುಳಿ ಬಿದ್ದಿದ್ದ ಎರಡು ಅದಿರಿನ ಹೆಂಟೆ ಸೆರಗಿನಲ್ಲಿ ಹೊತ್ತು ತಂದಳು. ನೋಡಲು ಚಿಕ್ಕವು, ಎತ್ತಿದರೆ ಕಬ್ಬಿಣ. ಬುಟ್ಟಿಯ ಅಂಚಿಗೆ ಎರಡೂ ಕಡೆ ಇಟ್ಟ ಮೇಲೆ ಬುಟ್ಟಿ ಅಲುಗಾಡದೆ ನಿಂತಿತು.

“ಚೀನಾಕ್ಕ ಹೋಗೂದು ನಮ್ಮನ್ಯಾಗ ತೊಟ್ಲಾಗ ಮಲಗೇತಿ ನೋಡು,” ಅಂದಳು.

ಅಷ್ಟರಲ್ಲಿ ಕ್ಯಾಮೆರಾದ ಕಣ್ಣೇ ಮುಚ್ಚಿಹೋಯಿತು. ಕೊಂಡಿಯಿಂದ ಕಂಪ್ಯೂಟರಿನ ಮೇಜಿನವರೆಗೆ ವೈರು ಸಾಲದೆ ಹುಡುಗಿ ಇನ್ನೆರಡು ವೈರು ಜೋಡಿಸಿದ್ದಳು. ಉದ್ದ ಹೆಚ್ಚಾದರೆ ಕ್ಯಾಮೆರಾದ ಮಾತು ಕಂಪ್ಯೂಟರಿಗೆ ಮುಟ್ಟುವುದಿಲ್ಲವಂತೆ, ದಾರಿಯಲ್ಲೇ ಸೋರಿಹೋಗುತ್ತದಂತೆ. ಪುಣೆಗೆ ಹೋಗುವುದು ಸೋರುವುದಿಲ್ಲ, ಮೇಜಿಗೆ ಬರುವುದು ಸೋರುತ್ತದೆ! ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜೋಡಿಸಿದ್ದನ್ನು ಬಿಚ್ಚಿ ಮೇಜನ್ನೇ ಹತ್ತಿರ ಎಳೆದೆವು. ಆಗ ಪೆಟ್ಟಿಗೆ ನನ್ನ ಬೆನ್ನಿಗೆ ಬಂತು. ನನ್ನ ಕೈ ಕಣ್ಣಿನಳತೆಯೊಳಗೆ ಇದೆಯೋ ಇಲ್ಲವೋ ನಾನು ನೋಡುವಂತಿರಲಿಲ್ಲ.

ಅದಕ್ಕೊಂದು ಉಪಾಯ ಮಾಡಿದೆ. ರಂಗೋಲಿ ಪುಡಿ ತಂದೆ. ಹುಡುಗಿ ಪೆಟ್ಟಿಗೆ ನೋಡುತ್ತಾ “ಇನ್ನೂ ಆ ಕಡಿ… ಸಾಕು… ಈಗ ಈ ಕಡಿ” ಎನ್ನುತ್ತಿದ್ದಳು, ನಾನು ಅವಳು ಹೇಳಿದಲ್ಲಿ ಗೆರೆ ಎಳೆದೆ. ನೆಲದ ಮೇಲೆ ಒಂದು ಚೌಕ ಆಯಿತು, ಎರಡು ಮೊರದಗಲ. ಆ ಗೆರೆಯೊಳಗೆ ಇದ್ದದ್ದು ಪುಣೆಗೆ ಕಾಣುತ್ತದೆ, ಹೊರಗಿನದು ಕಾಣುವುದಿಲ್ಲ. ಬೆರಳು ಗೆರೆಯೊಳಗೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ನಮ್ಮದೇ ಸಗಣಿ ಸಾರಿಸಿದ ನೆಲ. ಆದರೆ ಒಳಗೆ ಕೈ ಇಟ್ಟಾಗ ಮೈ ಜುಮ್ಮೆಂದಿತು.

ಪರೀಕ್ಷೆಯ ದಿನ ಬಂತು. ಮುಂಜಾನೆ ಕರೆಂಟು ಇರುವ ಹೊತ್ತು ನೋಡಿ ಕೂತೆವು. ಒಂದು ಹೊತ್ತಿನಲ್ಲಿ ಮುಗಿಯುವ ಸಣ್ಣ ಚೌಕ ಕೌದಿ, ಹಳೇ ಚಾದರದ್ದು. ಪುಣೆಯಲ್ಲಿ ಗೋಡೆಗೆ ಬೆಳಕು ಬಿಟ್ಟು ನನ್ನ ಕೈಯನ್ನು ಆಳೆತ್ತರ ತೋರಿಸುತ್ತಿದ್ದರಂತೆ. “ಅಜ್ಜಿ, ನಿಮ್ ಉಗುರು ಕಿಟಕಿಯಷ್ಟು ಕಾಣ್ತಾವ್ರಿ,” ಅಂದಳು ಕಂಪ್ಲಿಯವಳು. ಅವಳು ಆಡಿದ ಮಾತು ಇಲ್ಲಿ ಕೇಳುವ ಹೊತ್ತಿಗೆ ಅವಳ ತುಟಿ ಮುಚ್ಚಿರುತ್ತದೆ ಎಂದು ಹುಡುಗಿ ಹೇಳಿದಳು. ಬಾವಿಗೆ ಕಲ್ಲು ಹಾಕಿ ಸಪ್ಪಳಕ್ಕೆ ಕಾಯುವ ಹಾಗೆ ಕಾದು ಮಾತಾಡಬೇಕು.

ನಾನು ಅಂಚಿನಿಂದ ಶುರು ಮಾಡಿದೆ. ಕೌದಿಯನ್ನು ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತಾರೆ, ಮೂಲೆ ಬಂದಾಗ ಬಟ್ಟೆ ತಿರುಗಿಸುತ್ತಾರೆ. ಹಾಗೆ ಹೊಲಿದರೆ ಹೊಲಿಗೆ ತಾನಾಗಿ ಬಲಸುತ್ತು ಬರುತ್ತದೆ, ಗುಡಿ ಸುತ್ತಿದ ಹಾಗೆ. ಎಡಸುತ್ತು ನಮ್ಮಲ್ಲಿ ಹೆಣದ ಕೆಲಸಕ್ಕೆ ಮಾತ್ರ. ಕೂಸಿನ ಕೌದಿಗೆ ಎಡಸುತ್ತು ಹಾಕಿದವಳನ್ನು ನಾನು ಕಂಡಿಲ್ಲ.

ಒಂದು ಸುತ್ತು ಮುಗಿಯುವ ಹೊತ್ತಿಗೆ ಆ ಕಡೆಯಿಂದ ಗೊಣಗಾಟ ಶುರುವಾಯಿತು. ಕೈ ತಿರುಗುತ್ತಿಲ್ಲ, ದಾರ ಗಂಟು ಬೀಳುತ್ತಿದೆ, ಸೂಜಿ ಎದೆಗೇ ಚುಚ್ಚುತ್ತದೆ ಎಂದರು. ಕಲಿಯುವವರ ಗೋಳು ಇದ್ದದ್ದೇ ಎಂದುಕೊಂಡೆ. “ಹೊಲೀರಿ, ಕೂಡತೈತಿ,” ಅಂದೆ. ಎರಡನೇ ಸುತ್ತಿಗೆ ಕಂಪ್ಲಿಯವಳ ದನಿ ಬಂತು. ಈ ಸಲ ನಗು ಇರಲಿಲ್ಲ ಅದರಲ್ಲಿ.

“ಅಜ್ಜಿ, ಕೇಳ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ನೀವು ಎಡಸುತ್ತು ಯಾಕ ಹೊಲಿಯಾಕತ್ತೀರಿ?”

“ಯಾರು ಎಡಸುತ್ತು?”

“ನೀವರಿ. ನಮ್ಮ ಕಂಪ್ಲ್ಯಾಗ ಹಂಗ ಹೊಲಿಯೂದು ಹೆಣದ ಮ್ಯಾಲೆ ಹೊದಸಾಕ.”

ನನ್ನ ಮೈ ಉರಿಯಿತು. “ಏ, ಹಲ್ಲು ಬಂದಾಗಿಂದ ಸೂಜಿ ಹಿಡದೀನಿ! ನನಗ ಬಲ ಎಡ ಹೇಳಿಕೊಡ್ತೀಯೇನು?”

ನನ್ನ ಸಿಟ್ಟು ಪುಣೆಗೆ ಹೋಗಿ ಮುಟ್ಟುವವರೆಗೆ ಕಾಯಬೇಕಾಯಿತು. ಬಾವಿಯ ತಳಕ್ಕೆ ಕಲ್ಲು ಬಿದ್ದ ಮೇಲೆ ಅವಳು ಮೆಲ್ಲಗೆ ಅಂದಳು: “ಇಲ್ರಿ ಅಜ್ಜಿ, ನಾನು ಕಣ್ಣಾರೆ ನೋಡಾಕತ್ತೀನಿ. ನಿಮ್ಮ ಎಡಗೈ ಮ್ಯಾಲೆ ಹಚ್ಚಿ ಐತಿ ನೋಡ್ರಿ, ತೊಟ್ಲದ ಹಚ್ಚಿ. ಅದ ಕೈಯಾಗ ಸೂಜಿ ಹಿಡದೀರಿ.”

ನನ್ನ ತೊಟ್ಟಿಲ ಹಚ್ಚೆ ಇರುವುದು ಬಲಗೈ ಮೇಲೆ. ಚೋರನೂರಿನಲ್ಲಿ, ನನ್ನ ತವರಿನಲ್ಲಿ, ಚೊಚ್ಚಲ ಬಾಣಂತನದಲ್ಲಿ ಹಾಕಿಸಿದ್ದು.

ಹುಡುಗಿ ಎದ್ದು ನಿಂತಳು. ಬಾಯಿಗೆ ಕೈ ಹೋಯಿತು. “ಅಯ್ಯೋ, ಕನ್ನಡಿ! ಸ್ಟೂಲ್ ಮ್ಯಾಲಿದ್ದಾಗ ನಿಮಗಂತ ಕನ್ನಡಿ ಮಾಡಿದ್ದೆ, ಕೊಂಡಿಗೆ ಕಟ್ಟಿದ ಮ್ಯಾಲೆ ತಗೀಲೇ ಇಲ್ರಿ!” ಆ ಕ್ಯಾಮೆರಾದಲ್ಲಿ ಕನ್ನಡಿ ಮಾಡಿದರೆ ನಮಗಷ್ಟೇ ಅಲ್ಲ, ಪುಣೆಗೂ ಕನ್ನಡಿಯೇ ಹೋಗುತ್ತಿತ್ತಂತೆ. ನಾನು ಪೆಟ್ಟಿಗೆಗೆ ಬೆನ್ನು ಮಾಡಿ ಕೂತಿದ್ದೆ. ಹುಡುಗಿಯ ಕಣ್ಣು ಗೆರೆಯ ಮೇಲೆ, ವಾರಗಿತ್ತಿಯ ಕಣ್ಣು ಪುಣೆಯವರ ಸೀರೆಗಳ ಮೇಲೆ. ಯಾರೂ ಕಾಣಲಿಲ್ಲ.

ನಾನು ತಿರುಗಿ ಪೆಟ್ಟಿಗೆ ನೋಡಿದೆ. ನನ್ನ ಕೈ, ನನ್ನ ಹಚ್ಚೆ, ನನ್ನ ಸೂಜಿ. ಎಲ್ಲ ನನ್ನವೇ, ಆದರೆ ಹೊರಟಿದ್ದು ಮಸಣದ ಕಡೆಗೆ. ಒಂದು ಕಣ್ಣು ಸುಳ್ಳನ್ನು ಇಷ್ಟು ಚೊಕ್ಕವಾಗಿ ಹೇಳಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಹೆದರಿದೆ. ಇದು ಆಗುವ ಕೆಲಸ ಅಲ್ಲ, ಆ ಸೀರೆ ಟ್ರಂಕಿನಲ್ಲೇ ಇರಲಿ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಹುಡುಗಿ ಕನ್ನಡಿ ತೆಗೆದಳು. ಹಚ್ಚೆ ಮಗ್ಗುಲು ಬದಲಿಸಿತು. ಅಲ್ಲಿ ಕೂತ ಹೆಂಗಸರೆಲ್ಲ ಒಟ್ಟಿಗೆ “ಹಾ!” ಎಂದದ್ದು ಎರಡು ಉಸಿರು ತಡವಾಗಿ ಕೇಳಿತು. ಆ “ಹಾ” ಕೇಳಿ ನನ್ನ ಮಾತು ಬದಲಾಯಿತು.

“ಬಿಚ್ರಿ,” ಅಂದೆ.

“ಏನ್ರಿ?”

“ಹೊಲದದ್ದೆಲ್ಲ ಬಿಚ್ರಿ. ಈಗ, ಇಲ್ಲೇ, ನನ್ನೆದುರಿಗೆ. ಎಡಸುತ್ತಿನ ಒಂದು ಎಳಿ ಉಳೀಬಾರ್ದು. ಬಿಚ್ಚಿ ಬಲಸುತ್ತು ಹಾಕ್ರಿ. ಅದು ಸರಿ ಬಂದ್ರ ಸೀರಿ ಮಾತು.”

ಬಿಚ್ಚಿದರು. ಈ ಸಲ ಮೇಜಿನತ್ತ ತಿರುಗಿ ಕೂತು ನೋಡಿದೆ. ಎಷ್ಟೋ ಊರು ದಾಟಿದ ಆಚೆ ಹೆಂಗಸರು ಬಗ್ಗಿ ದಾರ ಕೀಳುತ್ತಿದ್ದಾರೆ, ನಾನು ಇಲ್ಲಿ ಕೂತು “ಏ ನೀಲಿ ಸೀರಿಯಾಕಿ, ಎಳೀಬ್ಯಾಡ, ಬಟ್ಟಿ ಹರಿತೈತಿ, ಸೂಜಿ ಮೊನಿಲೆ ಎತ್ತು” ಅನ್ನುತ್ತೇನೆ, ಅವಳು ಎರಡು ಉಸಿರು ಬಿಟ್ಟು ಸೂಜಿಯಿಂದ ಎತ್ತುತ್ತಾಳೆ. ನನ್ನ ಬೈಗುಳ ಅಷ್ಟು ದೂರ ಹೋಗಿ ಒಂದು ಬೆರಳನ್ನು ಸರಿಪಡಿಸುತ್ತದೆ! ದೇವರು ಮಾಡುವ ಕೆಲಸ ಇದು ಅನ್ನಿಸಿತು. ಬಿಚ್ಚಿದ ಮೇಲೆ ಕಂಪ್ಲಿಯವಳು ಒಂದು ಮೂಲೆ ಬಲಸುತ್ತು ಹೊಲಿದು ತೋರಿಸಿದಳು. ಕೈ ಸಲೀಸಾಗಿ ಓಡಿತು.

ಆದರೂ ನನಗೆ ಆ ಕಣ್ಣಿನ ಮೇಲಿನ ನಂಬಿಕೆ ಹೋಗಿತ್ತು. ಹುಡುಗಿಯೂ ಇನ್ನು ತನ್ನ ನೆನಪನ್ನು ನಂಬುವುದಿಲ್ಲ ಎಂದಳು. ಇಬ್ಬರೂ ಕೂತು ಒಂದು ಕಟ್ಟಳೆ ಮಾಡಿದೆವು. ಎರಡೂ ಕಡೆ ಎಲ್ಲರೂ ಬಲಗೈಗೆ ಕೆಂಪು ದಾರ ಕಟ್ಟಬೇಕು. ಶುರುವಿಗೆ ಮುಂಚೆ, ಲೈನು ಕಡಿದು ಮತ್ತೆ ಬಂದಾಗಲೆಲ್ಲ, ದಾರದ ಕೈ ಎತ್ತಿ ತೋರಿಸಬೇಕು. ತೋರಿಸದೆ ಸೂಜಿ ಮುಟ್ಟುವಂತಿಲ್ಲ.

“ಮದಿವಿ ಮನಿ ಆತು ನೋಡಿದು. ಕಂಕಣ ಕಟ್ಟಿ ಕುಂತೀವಿ,” ಅಂದಳು ವಾರಗಿತ್ತಿ. ಅಂದರೂ ತನ್ನ ಕೈಗೆ ಮೊದಲು ಕಟ್ಟಿಕೊಂಡಳು.

ಕಲಿಸುವ ದಿನ ಹುಡುಗಿ ಬೆಳಗಾಗುತ್ತಲೇ ಬಂದಳು. ಕಣ್ಣು ಒರೆಸಿದಳು, ಬಿಳಿ ಹಾಳೆ ತೋರಿಸಿದಳು, ಅದಿರಿನ ಹೆಂಟೆ ಅಲುಗಿಸಿ ನೋಡಿದಳು. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಪೆಟ್ಟಿಗೆ ತುಂಬಿಸಿಟ್ಟಿದ್ದಳು. ದನಿ ಕಡಿದರೆ ಇರಲಿ ಎಂದು ಮೊಬೈಲು ನನ್ನ ಪಕ್ಕ ಇಟ್ಟಳು. ನಾನು ಗೋಣಿತಟ್ಟಿಗೆ ನೀರು ಹಾಕಿ, ಅಳಿಸಿದ್ದ ರಂಗೋಲಿ ಗೆರೆ ತಿದ್ದಿದೆ. ಪುಣೆಯಲ್ಲಿ ಕೈ ಎತ್ತಿದರು, ನಾವೂ ಎತ್ತಿದೆವು. ದಾರ ಬಲಕ್ಕೇ ಇತ್ತು.

“ಅಜ್ಜಿ, ಹಾಕ್ಲೇನ್ರಿ?” ಅಂದಳು ಕಂಪ್ಲಿಯವಳು. ಅವಳ ಕೈಯಲ್ಲಿ ಕತ್ತರಿ.

“ಸೆರಗು ಬಿಡು. ಒಡಲಿಗೆ ಹಾಕು. ಅವ್ವನ್ನ ನೆನಸಿ ಹಾಕು.”

ಕತ್ತರಿಯ ಸಪ್ಪಳ ಎರಡು ಉಸಿರು ಬಿಟ್ಟು ನಮ್ಮ ಕೋಣೆಗೆ ಬಂತು. ಅಷ್ಟರಲ್ಲಿ ಅಲ್ಲಿ ಸೀರೆ ಆಗಲೇ ಎರಡಾಗಿತ್ತು.

ಹೊಲಿಗೆ ನಡೆಯಿತು. ಮೊದಲ ಮೂಲೆ ತಿರುಗಿತು, ಎರಡನೆಯದೂ ತಿರುಗಿತು. ನಾನು ಗೆರೆಯೊಳಗೆ ಕೈ ಇಟ್ಟುಕೊಂಡು, ಕಾಣದ ಪುಣೆಗೆ ಹೇಳುತ್ತಾ ಹೊಲಿಯುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ಹುಡುಗಿ ಕೂಗಿದಳು. “ಲೈನ್ ಹೋತ್ರಿ ಅಜ್ಜಿ. ಫೋಟೋ ಆಗಿ ನಿಂತೈತಿ.” ಮೊಬೈಲಿನಲ್ಲೂ ಬರೀ ಕುಂಯ್‌ಗುಟ್ಟುವ ಸಪ್ಪಳ. ತಿರುಗಿ ನೋಡಿದೆ. ಪೆಟ್ಟಿಗೆಯಲ್ಲಿ ಅವರೆಲ್ಲ ಸೂಜಿ ಎತ್ತಿದ ಕೈಯಲ್ಲೇ ಕಲ್ಲಾಗಿದ್ದರು, ಹಂಪಿಯ ಕಂಬದ ಮೇಲಿನವರ ಹಾಗೆ. ಕಂಪ್ಲಿಯವಳ ಸೂಜಿ ಮೂರನೇ ಮೂಲೆಗೆ ಒಂದು ಬೆರಳು ದೂರ ಇತ್ತು. ಮೂಲೆ ತಿರುಗಿಸುವಾಗ ತಪ್ಪಿದರೆ ಸುತ್ತು ಹಿಂದಕ್ಕೆ ಹೊರಳುತ್ತದೆ. ಬಿಚ್ಚಿದರೆ ಆ ನೂಲು ತಡೆಯುವುದಿಲ್ಲ.

ಹುಡುಗಿ ಒತ್ತುತ್ತಲೇ ಇದ್ದಳು. ಅವಳ ಹಣೆಯಲ್ಲಿ ಬೆವರು. ನಾನು ಹೊಲಿಯುವುದು ನಿಲ್ಲಿಸಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡೆ. ಮಾಡುವುದೇನೂ ಇರಲಿಲ್ಲ. ಲಾರಿಗಳು ಹೋಗುತ್ತಲೇ ಇದ್ದವು.

ಲೈನು ಬಂದಾಗ ಮೊದಲು ಕಂಡದ್ದು ಕೈಗಳು. ಯಾರೂ ಹೇಳದೆ ಎಲ್ಲರೂ ಬಲಗೈ ಎತ್ತಿ ಹಿಡಿದಿದ್ದರು, ಪೆಟ್ಟಿಗೆಯ ತುಂಬ ಕೆಂಪು ದಾರ. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದರೋ. ಕೈಗಳ ನಡುವೆ ಕಂಪ್ಲಿಯವಳ ಮುಖ ಕಂಡಿತು. ಅವಳು ಮಡಿಲಿನ ಕೌದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಮೂರನೇ ಮೂಲೆ ತಿರುಗಿತ್ತು, ನಾಲ್ಕನೆಯದೂ ತಿರುಗಿತ್ತು. ಬಲಸುತ್ತು. ನಾನಿಲ್ಲದೆ.

“ಕಾದು ಸಾಕಾತ್ರಿ ಅಜ್ಜಿ, ಹೊಲದಬಿಟ್ಟೆ,” ಅಂದಳು.

“ಬೇಷ್,” ಅಂದೆ.

ನಡುವಿಗೆ ಬಂದೆವು. ಕೌದಿಯ ನಡುವನ್ನು ನಾವು ಹೊಟ್ಟೆ ಎನ್ನುತ್ತೇವೆ. ಹಸಿದ ಹೊಟ್ಟೆ ಮುಚ್ಚಬಾರದು. ನಾನು ಒಂದು ಚಿಟಿಕೆ ಜೋಳ ಇಟ್ಟು ಮುಚ್ಚಿದೆ, ಚೋರನೂರಿನದು ಜೋಳದ ನೆಲ. “ನನ್ ಹತ್ರ ಜ್ವಾಳಿಲ್ರಿ. ತವರಿಂದ ತಂದ ಭತ್ತ ಐತಿ, ನಡೀತೈತೇನ್ರಿ?” ಅಂದಳು ಅವಳು. “ಕೂಸಿಗೆ ಕಂಪ್ಲಿ ಭತ್ತ ಬ್ಯಾಡಂತ ಯಾರು ಅಂದಾರು? ಹಾಕು,” ಅಂದೆ. ಹಾಕಿ ಮುಚ್ಚಿದಳು.

ಎಲ್ಲ ಮುಗಿದ ಮೇಲೆ ಹುಡುಗಿ ಪೆಟ್ಟಿಗೆ ಆರಿಸಿದಳು. ಊಟಕ್ಕೆ ಏಳಬೇಕು, ನೆಲ ಗುಡಿಸಬೇಕು. ಪೊರಕೆ ಆ ಕಡೆಯ ಗೋಡೆಗಿತ್ತು, ನಡುವೆ ರಂಗೋಲಿಯ ಚೌಕ. ಒಂದು ಕಾಲು ಎತ್ತಿದವಳು ಹಾಗೇ ನಿಂತೆ.

“ಯಾಕಕ್ಕಾ, ನಿಂತಿ? ಪುಣೆ ತುಳಿದೀನಂತ ಹೆದರಿಕೇನು?” ಅಂದಳು ವಾರಗಿತ್ತಿ.

ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿದೆ, ಅಲ್ಲೀಗ ಏನೂ ಇಲ್ಲ, ಬರೀ ಸಗಣಿ ನೆಲ ಎಂದು ನನಗೂ ಗೊತ್ತಿತ್ತು. ಆದರೂ ಎತ್ತಿದ ಕಾಲು ಹಿಂದಕ್ಕೆ ಇಟ್ಟು, ಗೆರೆಯನ್ನು ಬಲಸುತ್ತು ಬಳಸಿ ಹೋಗಿ ಪೊರಕೆ ತಂದೆ.